ಮೊದಲ ಪಿಸ್ತೂಲು ಕೊಳ್ಳುವ ಮುನ್ನ

ಪ್ರಾಕ್ಟಿಕಲ್ ಶೂಟಿಂಗ್ ಮ್ಯಾಚಿಗೆ ಇಳಿಯಬೇಕು, ಯಾವ ಪಿಸ್ತೂಲು ಕೊಳ್ಳಲಿ ಅಂತ ಕೇಳಿದ್ದೀಯ. ಗ್ರೀನ್ ಕಾರ್ಡ್ ಕೈಗೆ ಬರುವ ತನಕ ನೀನು ತಡೆದುಕೊಂಡಿದ್ದು ನನಗೆ ತುಂಬಾ ಸಮಾಧಾನ ತಂದಿತು. ಎಚ್-1ಬಿಯಂಥ ವೀಸಾದ ಮೇಲಿರುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಅಮೆರಿಕದ ಫೆಡರಲ್ ಕಾನೂನು. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ, ಅಷ್ಟೇ. ನಿನ್ನ ಜೊತೆಯ ಹುಡುಗರಿಗೂ ಇದನ್ನು ಹೇಳು. ರಾಜ್ಯದ ಕಾನೂನನ್ನೂ ನೋಡಿಕೋ. ಕ್ಯಾಲಿಫೋರ್ನಿಯಾದಲ್ಲಾದರೆ ಮ್ಯಾಗಜಿನ್ನಿಗೆ 10 ಗುಂಡಿನ ಮಿತಿ ಇದೆ.

ದುಡ್ಡು ಬಿಚ್ಚುವ ಮೊದಲು ಈ ಮ್ಯಾಚುಗಳನ್ನು ನಡೆಸುವ, ಹತ್ತಿರದ ಯುಎಸ್‌ಪಿಎಸ್‌ಎ ಕ್ಲಬ್ಬಿಗೆ ಹೋಗಿ ಒಂದೆರಡು ಮ್ಯಾಚ್ ನೋಡಿ ಬಾ. ಸುಮ್ಮನೆ ನಿಲ್ಲಬೇಡ, ರಟ್ಟಿನ ಗುರಿಗಳ ತೂತಿಗೆ ಸ್ಟಿಕರ್ ಅಂಟಿಸಲು ಕೈಜೋಡಿಸು. ಅಲ್ಲಿನ ಜನ ಮಾತಿಗೆ ಸಿಗುತ್ತಾರೆ, ಕೇಳಿದರೆ ತಮ್ಮ ಪಿಸ್ತೂಲಿನಿಂದ ನಾಲ್ಕು ಗುಂಡು ಹೊಡೆಯಲೂ ಕೊಡುತ್ತಾರೆ. ಊರಲ್ಲಿ ನೀನು ಕಂಡಿದ್ದು 10 ಮೀಟರ್ ಏರ್ ಪಿಸ್ತೂಲು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರಲ್ಲ, ಆ ಸ್ಪರ್ಧೆ. ಅಲ್ಲಿ ನಿಂತಲ್ಲೇ ನಿಂತು, ಒಂದೇ ಕೈಯಲ್ಲಿ, ಸಾವಧಾನವಾಗಿ ಹೊಡೆಯಬೇಕು. ಇಲ್ಲಿ ಟೈಮರ್ ಕೂಗಿದೊಡನೆ ಸೊಂಟದ ಪಿಸ್ತೂಲು ಸೆಳೆದು, ಓಡುತ್ತ, ಬಾಗುತ್ತ, ದೊಡ್ಡ ಸ್ಟೇಜಿನಲ್ಲಿ 32 ಗುಂಡಿನವರೆಗೆ ಹೊಡೆಯಬೇಕು. ಗಳಿಸಿದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ಅದೇ ಹಿಟ್ ಫ್ಯಾಕ್ಟರ್. ಈ ಆಟಕ್ಕೆ ಯಾವ ಪಿಸ್ತೂಲು ಬೇಕೆಂದು ಅಂಗಡಿಯವನಿಗಿಂತ ಆಡುವವರೇ ಚೆನ್ನಾಗಿ ಬಲ್ಲರು.

ಗುಂಡಿನ ವಿಷಯದಲ್ಲಿ ಯೋಚನೆಯೇ ಬೇಡ, 9 ಎಂಎಂ ತಗೋ. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ಹಿಡಿದು, ಗುಣಿಸಿ, ಸಾವಿರದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಅದು 125 ಮುಟ್ಟಿದರೆ ಮೈನರ್, 165 ಮುಟ್ಟಿದರೆ ಮೇಜರ್. 124 ಗ್ರೇನ್ ಗುಂಡು 1,050 ಅಡಿ ವೇಗದಲ್ಲಿ ಹೋದರೆ 130 ಆಯಿತು, ಸಾಕು. ಮೇಜರ್‌ನವರಿಗೆ ಗುರಿಯ ನಡುವಿನಿಂದ ಸ್ವಲ್ಪ ಆಚೆ ಬಿದ್ದ ಗುಂಡಿಗೂ ಒಂದಂಕ ಹೆಚ್ಚು ಸಿಗುತ್ತದೆ, ನಿಜ. ಆದರೆ ಪ್ರೊಡಕ್ಷನ್, ಕ್ಯಾರಿ ಆಪ್ಟಿಕ್ಸ್ ಡಿವಿಷನ್‌ಗಳಲ್ಲಿ ಎಲ್ಲರಿಗೂ ಮೈನರ್ ಲೆಕ್ಕವೇ. ನೀನು ಶುರು ಮಾಡಬೇಕಾದದ್ದೂ ಅಲ್ಲೇ. ರೆಡ್ ಡಾಟ್ ಸೈಟು ಕೂರಿಸಿದ ಪಿಸ್ತೂಲಾದರೆ ಕ್ಯಾರಿ ಆಪ್ಟಿಕ್ಸ್‌ಗೆ ಸೇರು. ಕಣ್ಣು ಗುರಿಯ ಮೇಲೆಯೇ ಇರುವುದರಿಂದ ಹೊಸಬರಿಗೆ ಕಲಿಕೆ ಬೇಗ ಹತ್ತುತ್ತದೆ.

ಇನ್ನು ಯಾವ ಪಿಸ್ತೂಲು? ಎಲ್ಲರೂ ಸಿಜೆಡ್ ಶ್ಯಾಡೋ 2 ಹೆಸರು ಹೇಳುತ್ತಾರೆ. ಸೊಗಸಾದ ಪಿಸ್ತೂಲು. ಸುಮಾರು 1,330 ಗ್ರಾಂ ತೂಕ. ಗ್ಲಾಕ್ 17ರ ಹೆಚ್ಚುಕಡಿಮೆ ಎರಡು ಪಟ್ಟು. ಆ ಭಾರಕ್ಕೇ ಅದು ಕೈಯಲ್ಲಿ ಕುಪ್ಪಳಿಸುವುದಿಲ್ಲ. ಆದರೂ ಮೊದಲ ಪಿಸ್ತೂಲಾಗಿ ಅದು ಬೇಡ ಅನ್ನುತ್ತೇನೆ. ಕಾರಣ ಕೇಳು. ಪ್ರೊಡಕ್ಷನ್‌ನಲ್ಲಿ ಆಟ ಶುರುವಾಗುವಾಗ ಹ್ಯಾಮರ್ ಪೂರ್ತಿ ಕೆಳಗಿರಬೇಕು. ಶ್ಯಾಡೋ 2ರಲ್ಲಿ ಹ್ಯಾಮರ್ ಇಳಿಸಲು ಬೇರೆ ಗುಂಡಿಯಿಲ್ಲ. ಒಳಗೆ ಜೀವಂತ ಗುಂಡು ಕೂತಿರುವಾಗಲೇ ಹೆಬ್ಬೆರಳಲ್ಲಿ ಹ್ಯಾಮರ್ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಬೇಕು. ಎದೆ ಡವಗುಟ್ಟುವ ಹೊತ್ತಿನಲ್ಲಿ, ಬೆವರಿದ ಬೆರಳು ಒಮ್ಮೆ ಜಾರಿದರೆ ಗುಂಡು ಹಾರುತ್ತದೆ, ಆ ದಿನದ ಆಟ ಅಲ್ಲಿಗೆ ಮುಗಿಯಿತು. ಆಮೇಲೆ ಮೊದಲ ಗುಂಡಿಗೆ ಟ್ರಿಗರ್ ಉದ್ದಕ್ಕೆ ಎಳೆಯಬೇಕು, ಎರಡನೆಯದಕ್ಕೆ ಗಿಡ್ಡ. ಒಬ್ಬ ಹೊಸಬನಿಗೆ ಇಷ್ಟೆಲ್ಲ ಒಟ್ಟಿಗೆ ಯಾಕೆ? ಗ್ಲಾಕ್ 17 ಅಥವಾ 34, ವಾಲ್ಥರ್ ಪಿಡಿಪಿ ಥರದ, ಹ್ಯಾಮರೇ ಇಲ್ಲದ ಸ್ಟ್ರೈಕರ್ ಪಿಸ್ತೂಲಿನಲ್ಲಿ ಈ ತಾಪತ್ರಯವಿಲ್ಲ, ಪ್ರತಿ ಸಲವೂ ಟ್ರಿಗರ್ ಒಂದೇ ಹದ. ಪೂರ್ಣ ಗಾತ್ರದ್ದನ್ನೇ ನೋಡು. ಜೇಬಿಗೆ ಹಿಡಿಸುವ ಪುಟ್ಟ ಪಿಸ್ತೂಲು ಈ ಆಟಕ್ಕಲ್ಲ.

ಚಪ್ಪಲಿಯನ್ನೂ ಕಾಲಿಗೆ ಹಾಕಿ ನೋಡಿ ತಾನೇ ತಗೊಳ್ಳುತ್ತೀಯ? ಅಂಗಡಿಯಲ್ಲಿ ಖಾಲಿಯಿದೆಯೆಂದು ಅವರೂ ನೋಡಲಿ, ನೀನೂ ನೋಡು. ಅವರನ್ನು ಕೇಳಿ, ಯಾರೂ ಇಲ್ಲದ ಗೋಡೆಯ ಕಡೆ ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಎತ್ತು, ಆಮೇಲೆ ಕಣ್ಣು ತೆರೆ. ಸೈಟು ನೆಟ್ಟಗಿದ್ದರೆ ಅದು ನಿನ್ನ ಕೈಯದು. ಟ್ರಿಗರ್ ಮೇಲೆ ಬೆರಳ ತುದಿಯ ಮೆತ್ತನೆಯ ಭಾಗ ಸಲೀಸಾಗಿ ಕೂರಬೇಕು, ಮ್ಯಾಗಜಿನ್ ಬಿಡುಗಡೆಯ ಗುಂಡಿ ಹೆಬ್ಬೆರಳಿಗೆ ಎಟುಕಬೇಕು. ನಮ್ಮವರ ಕೈ ಎಷ್ಟೋ ಸಲ ಸಣ್ಣದು. ಹಿಡಿಕೆಯ ಹಿಂಬದಿ ಬದಲಿಸಲು ಬರುವ ಮಾದರಿಗಳನ್ನು ಕೇಳು.

ಇರುವ ದುಡ್ಡೆಲ್ಲ ಪಿಸ್ತೂಲಿಗೇ ಸುರಿಯಬೇಡ. ಗಟ್ಟಿ ಬೆಲ್ಟು, ಟ್ರಿಗರನ್ನು ಪೂರ್ತಿ ಮುಚ್ಚುವ ಹೋಲ್‌ಸ್ಟರ್, ನಾಲ್ಕೈದು ಮ್ಯಾಗಜಿನ್, ಅವಕ್ಕೆ ಪೌಚು, ಕಣ್ಣು ಕಿವಿಗೆ ರಕ್ಷಣೆ, ಇಷ್ಟೂ ಬೇಕು. ಮ್ಯಾಚಿಗೊಮ್ಮೆ ನೂರೈವತ್ತು ಗುಂಡು ಸಲೀಸಾಗಿ ಖರ್ಚಾಗುತ್ತದೆ. ಮನೆಯಲ್ಲಿ ಖಾಲಿ ಪಿಸ್ತೂಲಿನ ಅಭ್ಯಾಸಕ್ಕೆ ಕಾಸು ಬೇಕಿಲ್ಲ, ಆದರೆ ಆ ಕೋಣೆಯಲ್ಲಿ ಒಂದು ಗುಂಡೂ ಇರಕೂಡದು. ಮುಗಿದ ಮೇಲೆ ಪಿಸ್ತೂಲು ಬೀಗದೊಳಗೆ ಹೋಗಲಿ, ಮನೆಯಲ್ಲಿ ಮಗು ಇದೆ.

ಮೊದಲ ಮ್ಯಾಚಿನಲ್ಲಿ ಹೊಸಬ ಅಂತ ರೇಂಜ್ ಆಫೀಸರ್‌ಗೆ ಮೊದಲೇ ಹೇಳು. ಓಡುವಾಗ ಬೆರಳು ಟ್ರಿಗರಿನ ಆಚೆಗಿರಲಿ, ನಳಿಗೆ ಹಿಂದಕ್ಕೆ ತಿರುಗದಿರಲಿ. ಆ ದಿನ ಯಾರನ್ನೂ ಗೆಲ್ಲಲು ಹೋಗಬೇಡಪ್ಪಾ, ಇಡೀ ಮ್ಯಾಚ್ ಮುಗಿಸಿ ಬಾ.