ಹೊಟ್ಟೆಯೊಳಗಿನ ಸಣ್ಣ ಕ್ರಿಮಿಯೂ ಅದರಿಂದ ಬರುವ ದೊಡ್ಡ ರೋಗವೂ



ಹೊಸಹಳ್ಳಿಯ ಸೀಮೆಯಲ್ಲಿ ಜೋಳದ ರೊಟ್ಟಿಯನ್ನೂ ಕೆಂಪು ಚಟ್ನಿಯನ್ನೂ ಉಂಡು ಹೊಲದಲ್ಲಿ ದುಡಿಯುವ ಜನರಿಗೆ ಹೊಟ್ಟೆಯುರಿ ಎಂಬದು ಹೊಸ ಮಾತಲ್ಲ. ಎದೆಯ ಕೆಳಗೆ ನೋವು, ಹುಳಿತೇಗು, ಹಸಿದಾಗ ಹಿಂಡುವಂಥ ಸಂಕಟ ಇವು ಬಂದರೆ ಒಬ್ಬನು ಖಾರ ಹೆಚ್ಚಾಯಿತೆನ್ನುವನು, ಮತ್ತೊಬ್ಬನು ಪಿತ್ತವೆನ್ನುವನು, ಮೂರನೆಯವನು ಅಂಗಡಿಯಿಂದ ಗ್ಯಾಸಿನ ಗುಳಿಗೆಯನ್ನು ತಂದು ನುಂಗಿ ಸುಮ್ಮನಾಗುವನು. ಇಂಥ ಉರಿಯು ಬಹಳ ಸಾರಿ ಅಪಾಯವಿಲ್ಲದ್ದೇ. ಆದರೆ ಬಿಡದೆ ಬರುವ ಉರಿಯ ಹಿಂದೆ ಒಂದು ಕ್ರಿಮಿಯು ವಾಸಿಸುತ್ತಿರಬಹುದು. ಸಕಾಲದಲ್ಲಿ ಕಂಡುಹಿಡಿದರೆ ಕೆಲವು ದಿನಗಳ ಔಷಧದಿಂದ ಅದನ್ನು ತೆಗೆದುಹಾಕಬಹುದು; ಬಿಟ್ಟುಬಿಟ್ಟರೆ ಕೆಲವರಲ್ಲಿ ಅದು ಜಠರದ ಅರ್ಬುದರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ದಾರಿಮಾಡುವದು. ಇದೇ ಈ ಪಾಠದ ವಿಷಯವು.

೧. ಕ್ರಿಮಿಯು ಸಿಕ್ಕಿದ ಬಗೆ

ಜಠರದಲ್ಲಿ ಊರುವ ಆಮ್ಲವು ಬಹಳ ತೀಕ್ಷ್ಣವಾದದ್ದರಿಂದ ಯಾವ ಕ್ರಿಮಿಯೂ ಅಲ್ಲಿ ಬದುಕಲಾರದೆಂದು ಹಿಂದಿನ ವೈದ್ಯರು ನಂಬಿದ್ದರು. ಹೊಟ್ಟೆಯ ಹುಣ್ಣಿಗೆ ಚಿಂತೆಯೂ ಆಮ್ಲವೂ ಕಾರಣವೆಂದು ಹೇಳುತ್ತಿದ್ದರು. ಆದರೆ ೧೯೭೯ರಲ್ಲಿ ಆಸ್ಟ್ರೇಲಿಯಾ ದೇಶದ ಪರ್ತ್ ಪಟ್ಟಣದಲ್ಲಿ ರಾಬಿನ್ ವಾರೆನ್ ಎಂಬ ವೈದ್ಯರು ರೋಗಿಯ ಜಠರದಿಂದ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಡೊಂಕಾದ ಸಣ್ಣ ಕ್ರಿಮಿಗಳನ್ನು ಕಂಡರು. ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ಅವರ ಸಂಗಡ ಸೇರಿ, ಆ ಕ್ರಿಮಿಯನ್ನು ತಟ್ಟೆಗಳಲ್ಲಿ ಬೆಳೆಯಿಸಬೇಕೆಂದು ಅನೇಕ ಸಾರಿ ಪ್ರಯತ್ನಿಸಿದರೂ ಅದು ಬೆಳೆಯಲಿಲ್ಲ. ೧೯೮೨ರ ಈಸ್ಟರ್ ಹಬ್ಬದ ರಜೆಯಲ್ಲಿ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಇಟ್ಟಲ್ಲಿಯೇ ಉಳಿದವು. ಹಬ್ಬ ಕಳೆದು ನೋಡುವಾಗ ಕ್ರಿಮಿಯು ಬೆಳೆದಿತ್ತು! ಅದು ನಿಧಾನವಾಗಿ ಬೆಳೆಯುವಂಥದೆಂದು ಆಗ ತಿಳಿಯಿತು.

ಆದರೂ ಅನೇಕರು ನಂಬಲಿಲ್ಲ. ಆದಕಾರಣ ೧೯೮೪ರಲ್ಲಿ ಮಾರ್ಷಲರು ಆ ಕ್ರಿಮಿಗಳುಳ್ಳ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಅವರಿಗೆ ವಾಂತಿಯು ಹಿಡಿಯಿತು. ಪರೀಕ್ಷಿಸಲಾಗಿ ಜಠರವು ಉರಿಯೂತಗೊಂಡಿತ್ತು. ಇಬ್ಬರಿಗೂ ೨೦೦೫ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆ ಕ್ರಿಮಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರು.

೨. ಉರಿಯಿಂದ ಅರ್ಬುದದ ವರೆಗೆ

ಈ ಕ್ರಿಮಿಯು ತನ್ನ ಸುತ್ತಲೂ ಅಮೋನಿಯಾ ಎಂಬ ಕ್ಷಾರವನ್ನು ಹುಟ್ಟಿಸಿ, ಆಮ್ಲದ ತೀಕ್ಷ್ಣತೆಯನ್ನು ತಗ್ಗಿಸಿಕೊಂಡು, ಜಠರದ ಒಳಗೋಡೆಯ ಲೋಳೆಯಲ್ಲಿ ಹುದುಗಿಕೊಳ್ಳುವದು. ಶರೀರವು ಅದನ್ನು ಹೊರಡಿಸಲು ಹೋರಾಡುವದು. ಆದರೆ ಔಷಧವಿಲ್ಲದೆ ಹೊರಡಿಸುವದು ಅಪರೂಪ. ಆ ಮುಗಿಯದ ಹೋರಾಟವೇ ಉರಿಯೂತವು. ಪ್ರತಿ ಮಳೆಗೂ ಒಡೆಯುವ ಬದುವನ್ನು ಅವಸರದಿಂದ ಮತ್ತೆ ಮತ್ತೆ ಕಟ್ಟುವ ರೈತನು ಎಲ್ಲಿಯೋ ಒಂದು ಕಡೆ ಸೊಟ್ಟಾಗಿ ಕಟ್ಟಿಬಿಡುವಂತೆ, ಹಾಳಾದ ಒಳಪದರವನ್ನು ಜೀವಕಣಗಳು ಪದೇಪದೇ ಹೊಸದಾಗಿ ಕಟ್ಟುವಾಗ ತಪ್ಪುಗಳು ಸೇರಿಕೊಳ್ಳುವವು. ಈ ಕ್ರಿಮಿಯ ಕೆಲವು ಜಾತಿಗಳು ಜೀವಕಣದೊಳಕ್ಕೆ ಒಂದು ಕೆಟ್ಟ ವಸ್ತುವನ್ನು ಚುಚ್ಚಿ ಕೇಡನ್ನು ಹೆಚ್ಚಿಸುವವು.

ಕೊಲಂಬಿಯಾ ದೇಶದವರಾದ ಪೆಲಾಯೋ ಕೊರಿಯಾ ಎಂಬ ವೈದ್ಯರು ವಿವರಿಸಿದ ಮೆಟ್ಟಲುಗಳು ಯಾವವೆಂದರೆ: ಮೊದಲು ಉರಿಯೂತವು; ಬಳಿಕ ಆಮ್ಲವನ್ನು ಊರಿಸುವ ಗ್ರಂಥಿಗಳು ಸೊರಗುವವು; ಮೂರನೆಯದಾಗಿ ಜಠರದ ಒಳಪದರವು ಕರುಳಿನ ಪದರದಂತೆ ಮಾರ್ಪಡುವದು; ನಾಲ್ಕನೆಯದಾಗಿ ಜೀವಕಣಗಳು ಕ್ರಮತಪ್ಪುವವು; ಕಡೆಯಲ್ಲಿ ಅರ್ಬುದವು. ಇದಕ್ಕೆ ಹತ್ತಾರು ವರುಷಗಳು ಹಿಡಿಯುವವು. ಕ್ರಿಮಿಯನ್ನು ಮೊದಲನೆಯ ಮೆಟ್ಟಲಲ್ಲೇ ತೆಗೆದರೆ ಒಳಪದರವು ಬಹುಮಟ್ಟಿಗೆ ವಾಸಿಯಾಗುವದು. ತಡವಾದಷ್ಟೂ ಹಿಂದಿರುಗುವದು ಕಷ್ಟ. ೧೯೯೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದರೋಗ ಸಂಶೋಧನಾ ಶಾಖೆಯು ಈ ಕ್ರಿಮಿಯನ್ನು ಅರ್ಬುದಕಾರಕಗಳ ಮೊದಲನೆಯ ವರ್ಗದಲ್ಲಿ ಸೇರಿಸಿತು. ತಂಬಾಕಿನ ಹೊಗೆಯೂ ಅದೇ ವರ್ಗದಲ್ಲಿದೆ.

೩. ಹೆದರಬಾರದು, ಉದಾಸೀನವೂ ಸಲ್ಲದು

ಜಪಾನಿನ ವೈದ್ಯರು ೨೦೦೧ರಲ್ಲಿ ಪ್ರಕಟಿಸಿದ ಒಂದು ಲೆಕ್ಕವನ್ನು ಗಮನಿಸಿರಿ. ಕ್ರಿಮಿಯಿದ್ದ ೧,೨೪೬ ರೋಗಿಗಳನ್ನೂ ಇಲ್ಲದ ೨೮೦ ರೋಗಿಗಳನ್ನೂ ಸರಾಸರಿ ಎಂಟು ವರುಷ ನೋಡಿಕೊಂಡು ಬರಲಾಗಿ, ಕ್ರಿಮಿಯಿದ್ದವರಲ್ಲಿ ೩೬ ಮಂದಿಗೆ ಜಠರದ ಅರ್ಬುದವು ಬಂತು. ಇಲ್ಲದವರಲ್ಲಿ ಒಬ್ಬರಿಗೂ ಬರಲಿಲ್ಲ. ಇದರಿಂದ ಎರಡು ಮಾತು ಕಲಿಯತಕ್ಕದ್ದು: ಕ್ರಿಮಿಯಿದ್ದವರಲ್ಲಿ ಬಹುಮಂದಿಗೆ ಈ ರೋಗ ಬರುವದಿಲ್ಲ, ಬರುವದಾದರೆ ಬಹಳಮಟ್ಟಿಗೆ ಕ್ರಿಮಿಯಿದ್ದವರಿಗೇ ಬರುವದು.

ನಮ್ಮ ಭಾರತದಲ್ಲಿ ಕ್ರಿಮಿಯು ಬಹು ಜನರಲ್ಲಿದ್ದರೂ ರೋಗವು ಜಪಾನಿನಷ್ಟಿಲ್ಲ. ಆದರೆ ೧೯೮೨ರಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯವರು ಆ ಪಟ್ಟಣದ ಅರ್ಬುದರೋಗಿಗಳ ಲೆಕ್ಕವನ್ನು ಬರೆದಿಡುತ್ತಾ ಬಂದಿದ್ದಾರೆ. ಅದರಲ್ಲಿ ಗಂಡಸರಿಗೆ ಬರುವ ಮುಖ್ಯ ಅರ್ಬುದಗಳೊಳಗೆ ಜಠರದ್ದೂ ಒಂದು. ಬೀಡಿ ಸಿಗರೇಟು ಸೇದುವದೂ, ಅತಿಯಾಗಿ ಉಪ್ಪು ತಿನ್ನುವದೂ ಅಪಾಯವನ್ನು ಹೆಚ್ಚಿಸುವವು. ತಂದೆತಾಯಿಗಳಿಗಾಗಲಿ ಒಡಹುಟ್ಟಿದವರಿಗಾಗಲಿ ಈ ರೋಗ ಬಂದಿದ್ದರೆ, ಅಂಥವರು ಬೇನೆಯಿಲ್ಲದಿದ್ದರೂ ಪರೀಕ್ಷೆಯ ವಿಷಯವನ್ನು ವೈದ್ಯರ ಸಂಗಡ ಮಾತಾಡತಕ್ಕದ್ದು.

೪. ನಾವು ಮಾಡತಕ್ಕದ್ದು

ಮೊದಲನೆಯದು: ಉರಿಯನ್ನು ಗುಳಿಗೆಯಿಂದ ಮುಚ್ಚಿಡಬೇಡಿರಿ. ಆಮ್ಲವನ್ನು ತಗ್ಗಿಸುವ ಗುಳಿಗೆಯು ನೋವನ್ನು ಅಡಗಿಸುವದೇ ಹೊರತು ಕ್ರಿಮಿಯನ್ನು ಹೊರಡಿಸದು. ಅಷ್ಟೇ ಅಲ್ಲ, ಅಂಥ ಕೆಲವು ಗುಳಿಗೆಗಳನ್ನು ನುಂಗುತ್ತಿರುವಾಗ ಪರೀಕ್ಷೆಮಾಡಿದರೆ ಇರುವ ಕ್ರಿಮಿಯೂ ಕಾಣದೆ ಹೋಗಬಹುದು. ಆದದರಿಂದ ಏನೇನು ನುಂಗಿದ್ದೀರೆಂಬದನ್ನು ವೈದ್ಯರಿಗೆ ಮರೆಮಾಡದೆ ಹೇಳಿರಿ. ಪರೀಕ್ಷೆಯನ್ನು ಉಸಿರಿನಿಂದಲೂ ಮಲದಿಂದಲೂ ಮಾಡುವರು. ಬೇಕಾದರೆ ಬಾಯಿಯಿಂದ ಸಣ್ಣ ಕೊಳವೆಯನ್ನಿಳಿಸಿ ಜಠರವನ್ನು ಕಣ್ಣಾರೆ ನೋಡುವರು. ಇದಕ್ಕೆ ಎಂಡೋಸ್ಕೋಪಿ ಎನ್ನುತ್ತಾರೆ.

ಎರಡನೆಯದು: ಕೊಟ್ಟ ಔಷಧವನ್ನು ಕಡೆಯ ದಿನದ ವರೆಗೆ ತೆಗೆದುಕೊಳ್ಳಿರಿ. ಹಲವು ಬಗೆಯ ಗುಳಿಗೆಗಳನ್ನು ಕೂಡಿಸಿ ಸಾಧಾರಣವಾಗಿ ೧೪ ದಿನ ಕೊಡುವರು. ನಾಲ್ಕು ದಿನದಲ್ಲಿ ನೋವು ಹೋಯಿತೆಂದು ಬಿಟ್ಟರೆ ಉಳಿದ ಕ್ರಿಮಿಗಳು ಆ ಔಷಧಕ್ಕೆ ಜಗ್ಗದವುಗಳಾಗುವವು. ಮುಗಿದು ನಾಲ್ಕು ವಾರಗಳಾದರೂ ಕಳೆದ ಮೇಲೆ, ಕ್ರಿಮಿಯು ಹೋಯಿತೋ ಎಂದು ಮತ್ತೊಮ್ಮೆ ಪರೀಕ್ಷೆಮಾಡಿಸಬೇಕು.

ಮೂರನೆಯದು: ಮಕ್ಕಳನ್ನು ಕಾಯಿರಿ. ಕ್ರಿಮಿಯು ಹೆಚ್ಚಾಗಿ ಚಿಕ್ಕಂದಿನಲ್ಲಿಯೇ ಮನೆಯವರ ಬಾಯಿಯಿಂದಲೂ ವಾಂತಿಯಿಂದಲೂ ಮಲದಿಂದ ಕೆಟ್ಟ ಕೈ ನೀರುಗಳಿಂದಲೂ ಅಂಟುವದು. ತಾಯಿಯು ತಾನು ಅಗಿದ ತುತ್ತನ್ನು ಕೂಸಿಗೆ ಉಣಿಸಬಾರದು. ಪಾಯಿಖಾನೆಗೆ ಹೋಗಿಬಂದ ಮೇಲೂ ಅಡಿಗೆಗೆ ಮುಂಚೆಯೂ ಸಾಬೂನಿನಿಂದ ಕೈತೊಳೆಯಬೇಕು. ಶುದ್ಧವೆಂದು ತಿಳಿಯದ ನೀರನ್ನು ಕುದಿಸಿ ಆರಿಸಿ ಕುಡಿಯಬೇಕು.

ನಾಲ್ಕನೆಯದು: ಕಾಯಬಾರದ ಗುರುತುಗಳನ್ನು ತಿಳಿದಿರಿ. ಕಾರಣವಿಲ್ಲದೆ ಮೈ ಇಳಿಯುವದು, ನುಂಗುವದಕ್ಕೆ ಕಷ್ಟವಾಗುವದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವದು, ಬಿಡದ ವಾಂತಿ, ರಕ್ತವಾಂತಿ, ಕೀಲೆಣ್ಣೆಯಂಥ ಕಪ್ಪು ಮಲ, ರಕ್ತ ಕಡಿಮೆಯಾಗಿ ಬಿಳಿಚಿಕೊಳ್ಳುವದು ಇವುಗಳಲ್ಲಿ ಒಂದು ಕಂಡರೂ ಸುಗ್ಗಿ ಮುಗಿಯಲಿ ಎನ್ನದೆ ಕೂಡ್ಲಿಗಿಯ ತಾಲೂಕು ಆಸ್ಪತ್ರೆಗೆ ಹೋಗಿರಿ. ಅವರು ಹೇಳಿದರೆ ಬಳ್ಳಾರಿಯ ದೊಡ್ಡಾಸ್ಪತ್ರೆಗೂ ಹೋಗಿರಿ. ರಕ್ತ ಬಿದ್ದರಂತೂ ಅದೇ ಗಳಿಗೆಯಲ್ಲಿ ಹೊರಡಿರಿ.

ಹೋಗಿಬರುವದಕ್ಕೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಹೋಗುವದೆಂಬದು ನಿಜವೇ. ಆದರೆ ಈ ರೋಗವು ಮೊದಲು ಸಾಧಾರಣ ಹೊಟ್ಟೆಯುರಿಯ ಹಾಗೆಯೇ ತೋರುವದು. ತನ್ನ ನಿಜರೂಪವನ್ನು ತೋರಿಸುವ ಹೊತ್ತಿಗೆ ಬಹಳ ಮಂದಿಗೆ ತಡವಾಗಿರುವದು. ನಿಮ್ಮ ಮನೆಯಲ್ಲಿ ವರುಷಗಳಿಂದ ಗುಳಿಗೆ ನುಂಗಿ ದಿನ ಕಳೆಯುವ ಹಿರಿಯರಿದ್ದರೆ, ಈ ಪಾಠವನ್ನು ಅವರಿಗೆ ಓದಿಹೇಳಿ, ಈ ವಾರದಲ್ಲಿಯೇ ಅವರನ್ನು ಕರೆದುಕೊಂಡು ಹೋಗಿರಿ.