ಹೊಡೆಯುವ ಕೈಯ ಹಿಂದೆ ಏನಿದೆ?

2025ರ ಎಪ್ರಿಲ್ ತಿಂಗಳಲ್ಲಿ ಚನ್ನಗಿರಿ ತಾಲೂಕಿನ ತಾವರೆಕೆರೆಯಿಂದ ಬಂದ ವಾರ್ತೆಯನ್ನು ನೀವು ಓದಿರಬಹುದು. ಪತಿಯೊಬ್ಬ ತನ್ನ ಪತ್ನಿಯ ಕುರಿತು ಮಸೀದಿಗೆ ದೂರು ಕೊಟ್ಟ. ಆಕೆಯನ್ನು ಅಲ್ಲಿಗೆ ಕರೆಸಲಾಯಿತು. ಮಸೀದಿಯ ಹೊರಗೆ ಗಂಡಸರ ಗುಂಪೊಂದು ಕೋಲು, ಪೈಪುಗಳಿಂದ ಆಕೆಯನ್ನು ಥಳಿಸಿತು. ಆ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಪೊಲೀಸರು ಆರು ಮಂದಿಯನ್ನು ಬಂಧಿಸಿದರು. ಅಪರಾಧಿ ಯಾರೆಂದು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಮನೆಯೊಳಗಿನ ಒಂದು ದೂರು ಬೀದಿಯ ಕೋಲಾಗಿ ಬದಲಾದದ್ದು ಹೇಗೆ ಎಂಬುದನ್ನು ನಾವೇ ಯೋಚಿಸಬೇಕಾಗಿದೆ.

ಪತ್ನಿಯನ್ನು ಹೊಡೆದವನನ್ನು ಕೇಳಿ ನೋಡಿ. ಸಿಟ್ಟು ಬಂತು, ಕೈ ತಡೆಯಲಾಗಲಿಲ್ಲ ಎನ್ನುತ್ತಾನೆ. ಅಡಿಕೆ ಮಂಡಿಯಲ್ಲಿ ತೂಕದಲ್ಲಿ ಮೋಸವಾದಾಗಲೂ ಅವನಿಗೆ ಸಿಟ್ಟು ಬರುತ್ತದೆ. ಅಲ್ಲಿ ಕೈ ಚೆನ್ನಾಗಿಯೇ ತಡೆಯುತ್ತದಲ್ಲ! ಮನೆಯ ಬಾಗಿಲು ದಾಟಿದ ಮೇಲೆ ಮಾತ್ರ ಅದು ಏಳುತ್ತದೆ ಎಂದಾದರೆ, ಅದನ್ನು ಎತ್ತಿದ್ದು ಸಿಟ್ಟಲ್ಲ. ಇವಳ ಮೇಲೆ ತನ್ನ ಹಿಡಿತ ಸಡಿಲವಾಗಬಾರದೆಂಬ ಹಟ.

ಅಮೆರಿಕದ ಡುಲುತ್ ನಗರದಲ್ಲಿ 1980ರ ದಶಕದಲ್ಲಿ ಹೊಡೆತ ತಿಂದ ಮಹಿಳೆಯರಿಂದಲೇ ಅವರ ಅನುಭವವನ್ನು ಕೇಳಿ ಒಂದು ಚಕ್ರದ ಚಿತ್ರ ರಚಿಸಲಾಯಿತು. ನಮ್ಮ ಎತ್ತಿನ ಗಾಡಿಯ ಚಕ್ರವನ್ನು ನೆನೆಸಿಕೊಳ್ಳಿ. ಹೊಡೆತವೆಂಬುದು ಹೊರಗಿನ ಕಬ್ಬಿಣದ ಪಟ್ಟಿ ಮಾತ್ರ. ನಟ್ಟನಡುವೆ ಇರುವುದು ಅಧಿಕಾರ ಮತ್ತು ಹಿಡಿತ. ದಿನನಿತ್ಯ ಚಕ್ರವನ್ನು ಹೊತ್ತು ನಿಲ್ಲಿಸುವುದು ಯಾರ ಕಣ್ಣಿಗೂ ಬೀಳದ ಒಳಗಿನ ಸಂಗತಿಗಳು.

ಅವು ನಮಗೆ ಅಪರಿಚಿತವೇನಲ್ಲ. ಸಂತೆಗೆ ಕೊಟ್ಟ ನೂರು ರೂಪಾಯಿಗೆ ಪೈಸೆ ಪೈಸೆಯ ಲೆಕ್ಕ ಕೇಳುವುದು. ಅವಳ ಹಕ್ಕಾದ ಮಹ್ರನ್ನು, ತವರಿನ ಒಡವೆಯನ್ನು ಒತ್ತೆಯಿಟ್ಟು ಸುಮ್ಮನಿರುವುದು. ಅವಳ ಫೋನನ್ನು ರಾತ್ರಿ ಪರಿಶೀಲಿಸುವುದು. ತಾಯಿಯ ಕಾಯಿಲೆಗೂ ತವರಿಗೆ ಕಳಿಸದಿರುವುದು. ಮಕ್ಕಳ ಮುಂದೆಯೇ ‘ನಿನಗೇನು ಗೊತ್ತು’ ಎಂದು ಹೀಯಾಳಿಸುವುದು. ಬಾಯಿ ತೆರೆದರೆ ತಲಾಕ್, ಇಲ್ಲವೇ ಮಕ್ಕಳನ್ನು ಕಿತ್ತುಕೊಳ್ಳುವ ಬೆದರಿಕೆ. ನಡುನಡುವೆ ಒಂದು ಸೀರೆ, ಒಂದು ಕ್ಷಮೆ, ನಾಲ್ಕು ದಿನದ ಮೃದು ಮಾತು. ಆ ನಾಲ್ಕು ದಿನಗಳೇ ಅವಳನ್ನು ಇನ್ನೊಂದು ವರ್ಷ ಕಟ್ಟಿಹಾಕುತ್ತವೆ. ‘ಇಷ್ಟಿದ್ದರೆ ಅವಳೇಕೆ ಅಲ್ಲೇ ಇದ್ದಾಳೆ?’ ಎಂದು ಕೇಳುವವರು ಇದನ್ನು ಅರಿಯರು. ಕೈಯಲ್ಲಿ ಕಾಸಿಲ್ಲದವಳು, ತವರಿನೊಡನೆ ಸಂಪರ್ಕ ಕಡಿದುಹೋದವಳು ಎಲ್ಲಿಗೆ ಹೋಗಬೇಕು?

ಅತ್ಯಂತ ನೋವಿನ ಸಂಗತಿಯೆಂದರೆ ದೀನನ್ನೇ ಈ ಹಿಡಿತದ ಸಾಧನವಾಗಿ ಬಳಸುವುದು. ಪುರುಷನ ಮೇಲ್ವಿಚಾರಣೆಯ ಬಗ್ಗೆ ಅನ್ನಿಸಾ ಅಧ್ಯಾಯದ 34ನೆಯ ವಚನವನ್ನು ಬಾಯಿಪಾಠ ಹೇಳುವವರಿಗೆ, ಖರ್ಚು ವೆಚ್ಚದ ಹೊಣೆಯನ್ನು ಅದೇ ವಚನ ಅವರ ಹೆಗಲಿಗೆ ಹಾಕಿರುವುದು ನೆನಪಿರುವುದಿಲ್ಲ. ಅದನ್ನು ಹೊಡೆತಕ್ಕೆ ಪರವಾನಗಿ ಎಂದು ಭಾವಿಸಿದವರು ಇನ್ನೊಂದನ್ನು ಮರೆಯುತ್ತಾರೆ. ಆ ವಚನ ಯಾರ ಮೇಲೆ ಅವತೀರ್ಣವಾಯಿತೋ ಆ ಪ್ರವಾದಿವರ್ಯರು(ಸ) ಯಾವ ಸ್ತ್ರೀಯ ಮೇಲಾಗಲಿ, ಸೇವಕನ ಮೇಲಾಗಲಿ ಕೈ ಮಾಡಿದವರಲ್ಲವೆಂದು ಆಯಿಶಾ(ರ) ತಿಳಿಸಿದ್ದಾರೆ. ಮನೆಯೊಳಗಿನ ಅವರನ್ನು ಆಯಿಶಾರಿಗಿಂತ(ರ) ಹೆಚ್ಚು ಬಲ್ಲವರು ಯಾರು? ಪತ್ನಿಯನ್ನು ಪೀಡಿಸುವ ಸಲುವಾಗಿ ತಡೆದಿಟ್ಟುಕೊಳ್ಳುವುದನ್ನು ಅಲ್‌ಬಕರ ಅಧ್ಯಾಯ (231) ಅತಿಕ್ರಮವೆಂದೇ ಕರೆದಿದೆ.

ಖೌಲಾ ಬಿಂತಿ ಸಅಲಬ(ರ)ರ ಘಟನೆಯನ್ನು ಗಮನಿಸಿ. ಪತಿ ಅವರನ್ನು ‘ನೀನು ನನಗೆ ನನ್ನ ತಾಯಿಯ ಬೆನ್ನಿನಂತೆ’ ಎಂದುಬಿಟ್ಟರು. ಅಜ್ಞಾನ ಕಾಲದ ಈ ಪದ್ಧತಿಯಲ್ಲಿ ಹೆಣ್ಣು ಅತ್ತ ಪತ್ನಿಯೂ ಅಲ್ಲ, ಇತ್ತ ಸ್ವತಂತ್ರಳೂ ಅಲ್ಲ. ಹಿಡಿತವೆಂದರೆ ಇದೇ ಅಲ್ಲವೇ? ಅವರು ಪ್ರವಾದಿವರ್ಯರ(ಸ) ಬಳಿ ಬಂದು ವಾದಿಸಿದರು. ಅದೇ ಮನೆಯಲ್ಲಿದ್ದ ಆಯಿಶಾರಿಗೂ(ರ) ಅವರ ಮಾತು ಪೂರ್ತಿ ಕೇಳಿಸಲಿಲ್ಲ, ಆದರೆ ಅಲ್ಲಾಹನು ಕೇಳಿದನು. ಅಲ್ ಮುಜಾದಲ ಅಧ್ಯಾಯ ಆರಂಭವಾಗುವುದೇ ಆ ದೂರಿನಿಂದ. ಪ್ರಾಯಶ್ಚಿತ್ತ ಬಿದ್ದದ್ದು ಪತಿಯ ಮೇಲೆ: ಗುಲಾಮನ ವಿಮೋಚನೆ, ಅದಾಗದಿದ್ದರೆ ಸತತ ಎರಡು ತಿಂಗಳ ಉಪವಾಸ, ಅದೂ ಆಗದಿದ್ದರೆ 60 ಬಡವರಿಗೆ ಊಟ.

ಪತಿ ಪತ್ನಿಯ ಶೀಲವನ್ನೇ ಶಂಕಿಸಿದರೋ? ಅದಕ್ಕೂ ಅನ್ನೂರ್ ಅಧ್ಯಾಯ (6-9) ದಾರಿ ತೋರಿದೆ. ಸಾಕ್ಷಿಗಳಿಲ್ಲದ ಪತಿ ನಾಲ್ಕು ಬಾರಿ ಆಣೆ ಮಾಡಿ, ಐದನೆಯ ಬಾರಿ ತಾನು ಸುಳ್ಳನಾಗಿದ್ದರೆ ಅಲ್ಲಾಹನ ಶಾಪ ತನ್ನ ಮೇಲಿರಲಿ ಎನ್ನಬೇಕು. ಪತ್ನಿಯೂ ಹಾಗೆಯೇ ಆಣೆ ಮಾಡಿ ನಿರಾಕರಿಸಿದರೆ ಅವಳಿಗೆ ಶಿಕ್ಷೆಯಿಲ್ಲ. ಅಲ್ಲಿ ಅವಳ ಮಾತಿಗೆ ಅವನ ಮಾತಿನಷ್ಟೇ ತೂಕ. ಬೀದಿಯ ಗುಂಪಿಗೆ ಅಲ್ಲಿ ಜಾಗವೆಲ್ಲಿದೆ? ಅಲಿ(ರ)ಯವರನ್ನು ಯಮನ್‌ಗೆ ಕಳುಹಿಸುವಾಗ, ಇನ್ನೊಂದು ಪಕ್ಷದ ಮಾತು ಕೇಳದೆ ತೀರ್ಪು ಕೊಡಬೇಡಿರೆಂದು ಪ್ರವಾದಿವರ್ಯರು(ಸ) ತಾಕೀತು ಮಾಡಿದ್ದರು.

ಆದುದರಿಂದ ಜಮಾಅತಿನ ಹಿರಿಯರು ದೂರು ಬಂದಾಗ ಪತ್ನಿಯ ಮಾತನ್ನು ಪತಿಯ ಎದುರಲ್ಲಿ ಕೇಳಬಾರದು. ಅವನ ಮುಂದೆ ಅವಳು ‘ಎಲ್ಲ ಸರಿಯಿದೆ’ ಎಂದೇ ಹೇಳುತ್ತಾಳೆ. ವಿಶ್ವಾಸಾರ್ಹರಾದ ಇಬ್ಬರು ಸ್ತ್ರೀಯರು ಬೇರೆಯಾಗಿ ಕೂತು ಕೇಳಲಿ. ಹೊಡೆತವಿರುವ ಮನೆಗೆ ‘ಸಬರ್ ಮಾಡಮ್ಮ’ ಎಂದು ತಿರುಗಿ ಕಳುಹಿಸುವುದು ರಾಜಿಯಲ್ಲ. ಶಿಕ್ಷೆ ವಿಧಿಸುವ ಅಧಿಕಾರವಂತೂ ಜಮಾಅತಿಗೆ ಇಲ್ಲವೇ ಇಲ್ಲ. ಇಂಥ ತೀರ್ಪುಗಳಿಗೆ ಕಾನೂನಿನ ಬಲವಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಸ್ಪಷ್ಟಪಡಿಸಿದೆ.

ಸಹೋದರಿಯರೇ, 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯಿದೆಯು ಕ್ರೌರ್ಯವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪಿದೆ. ಮೈಮೇಲೆ ಕೈ ಮಾಡದೆಯೇ ಬದುಕನ್ನು ದುಸ್ತರಗೊಳಿಸುವ ನಡತೆಯನ್ನೂ ಅದು ಕ್ರೌರ್ಯವೆಂದೇ ಎಣಿಸುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಪ್ರಕಾರ ಬೈಗುಳವೂ, ಹಣಕಾಸಿನ ಹಿಂಸೆಯೂ ಹಿಂಸೆಯೇ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದರ ಸಂರಕ್ಷಣಾಧಿಕಾರಿ. ಅಂಗನವಾಡಿಯ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ಮಹಿಳಾ ಸಹಾಯವಾಣಿ 181, ಜೀವಭಯವಿದ್ದರೆ 112. ಮನೆ ಬಿಡುವ ಹೊತ್ತು ಹೇಳಿ ಬರುವುದಿಲ್ಲ. ನಿಕಾಹ್‌ನಾಮಾ, ಆಧಾರ್, ಮಕ್ಕಳ ಜನನ ಪತ್ರ, ಚಿಕಿತ್ಸೆ ಪಡೆದ ಚೀಟಿಗಳ ನಕಲುಗಳನ್ನು ನಂಬಿಕೆಯ ನೆರೆಯವಳ ಕಪಾಟಿನಲ್ಲಿ ಇಟ್ಟಿರಿ.