ನದಿ ಸಂರಕ್ಷಣೆಯಲ್ಲಿ ವೃತ್ತಿ: ಸ್ಟೈಪೆಂಡ್ ಸಿಗುವ ಇಂಟರ್ನ್‌ಶಿಪ್‌ಗೆ ದಾರಿ

ನೀರಿನ ಮಾದರಿ ಸಂಗ್ರಹ, ಹರಿವಿನ ಅಳತೆ, ಮೀನು ಮತ್ತು ನೀರುನಾಯಿಗಳ ಸಮೀಕ್ಷೆ, ನಕ್ಷೆ ತಯಾರಿ, ಹೊಳೆದಂಡೆಯ ಜನರೊಂದಿಗೆ ಮಾತುಕತೆ: ಇವನ್ನು ಅನುಭವಸ್ಥರ ಕೈಕೆಳಗೆ ಕೆಲವು ವಾರ ಅಥವಾ ತಿಂಗಳು ಮಾಡುತ್ತ ಕಲಿಯುವ ಅವಧಿಯೇ ನದಿ ಸಂರಕ್ಷಣೆಯ ಇಂಟರ್ನ್‌ಶಿಪ್. ಈ ಕ್ಷೇತ್ರದಲ್ಲಿ ಕೆಲಸಕ್ಕೇನೂ ಬರವಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2022ರ ವರದಿಯಂತೆ ದೇಶದಲ್ಲಿ 311 ಮಲಿನ ನದಿಪಾತ್ರಗಳಿದ್ದವು, ಅವುಗಳಲ್ಲಿ 17 ಕರ್ನಾಟಕದವು. 2018ರ ವರದಿಯಲ್ಲೂ ಕರ್ನಾಟಕದ ಲೆಕ್ಕ 17 ಇತ್ತು. ಬರವಿರುವುದು ಹೊಸಬರ ದುಡಿಮೆಗೆ ದುಡ್ಡು ಕೊಡುವ ಅವಕಾಶಗಳಿಗೆ. ಎಷ್ಟೋ ಹೆಸರಾಂತ ಕಡೆ ಇಂಟರ್ನ್‌ಗಳಿಗೆ ಸಿಗುವುದು ಪ್ರಮಾಣಪತ್ರ ಮಾತ್ರ. ನೀತಿ ಆಯೋಗದ ಇಂಟರ್ನ್‌ಶಿಪ್‌ಗೂ ಗೌರವಧನವಿಲ್ಲ. ಮನೆಯವರ ದುಡ್ಡಿನಲ್ಲಿ ಆರು ತಿಂಗಳು ಪೇಟೆಯಲ್ಲಿ ಇರಬಲ್ಲವರಿಗಷ್ಟೇ ಈ ವೃತ್ತಿ ದಕ್ಕಿದರೆ, ಹೊಳೆಯನ್ನು ಚಿಕ್ಕಂದಿನಿಂದ ಬಲ್ಲ ಮೀನುಗಾರರ, ರೈತರ ಮಕ್ಕಳು ಹೊರಗೇ ಉಳಿಯುತ್ತಾರೆ. ಅದು ನದಿಗೂ ನಷ್ಟ. ಆದ್ದರಿಂದ ಸ್ಟೈಪೆಂಡ್ ಹುಡುಕುವುದರಲ್ಲಿ, ಕೇಳುವುದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ.

ಯಾವ ಕೆಲಸ ಎಂಬುದು ಮೊದಲು

'ಪರಿಸರದಲ್ಲಿ ಆಸಕ್ತಿ ಇದೆ' ಎಂದು ಬರೆದ ಅರ್ಜಿ ಯಾರ ಗಮನವನ್ನೂ ಸೆಳೆಯುವುದಿಲ್ಲ. ನದಿ ಕೆಲಸದಲ್ಲಿ ಸ್ಥೂಲವಾಗಿ ನಾಲ್ಕು ಬಗೆಗಳಿವೆ. ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಪರಿಸರ ಎಂಜಿನಿಯರಿಂಗ್ ಓದಿದವರಿಗೆ ನೀರಿನ ಗುಣಮಟ್ಟ ಮತ್ತು ಕೊಳಚೆ ಸಂಸ್ಕರಣೆ ಹೊಂದುತ್ತದೆ. ಸಿವಿಲ್, ಭೂಗೋಳ, ಭೂವಿಜ್ಞಾನದವರಿಗೆ ಜಲವಿಜ್ಞಾನ ಮತ್ತು ನಕ್ಷೆ ಇವೆ. ಪ್ರಾಣಿಶಾಸ್ತ್ರ, ಮೀನುಗಾರಿಕೆ ವಿಜ್ಞಾನದವರಿಗೆ ಜೀವವೈವಿಧ್ಯದ ಕೆಲಸವಿದೆ. ಕಾವೇರಿ ಕೊಳ್ಳಕ್ಕೆ ಸೀಮಿತವಾದ ದೊಡ್ಡ ಮಹಶೀರ್ ಮೀನನ್ನು 2018ರಲ್ಲಿ ಐಯುಸಿಎನ್ ಕೆಂಪು ಪಟ್ಟಿಗೆ 'ತೀವ್ರ ಅಪಾಯದಲ್ಲಿರುವ' ಜೀವಿಯಾಗಿ ಸೇರಿಸಲಾಗಿದೆ. ಇಂಥ ಜೀವಿಗಳ ಸಮೀಕ್ಷೆಗೆ ನುರಿತ ಕೈಗಳು ಬೇಕು. ನಾಲ್ಕನೆಯದು ಸಮಾಜಕಾರ್ಯ, ಕಾನೂನು, ಪತ್ರಿಕೋದ್ಯಮ ಓದಿದವರ ಪಾಲಿನದು: ಜನ, ನೀತಿ, ದಾಖಲಾತಿ. ವಿಜ್ಞಾನ ಓದಿಲ್ಲ ಎಂದು ಹಿಂಜರಿಯಬೇಕಿಲ್ಲ.

ದುಡ್ಡು ಎಲ್ಲಿದೆ?

ಸ್ಟೈಪೆಂಡ್ ಬರುವುದು ಬಹುತೇಕ ಪ್ರಾಜೆಕ್ಟ್ ಅನುದಾನದಿಂದ. ಹೀಗಾಗಿ ಸಂಸ್ಥೆಯ ಹೆಸರನ್ನು ಹಿಡಿದು ಹುಡುಕುವುದಕ್ಕಿಂತ, ಯಾವ ನದಿಯ ಮೇಲೆ ಯಾವ ಪ್ರಾಜೆಕ್ಟ್ ನಡೆಯುತ್ತಿದೆ ಎಂದು ನೋಡುವುದು ಲೇಸು. ಜಾಹೀರಾತಿನಲ್ಲಿ 'ಇಂಟರ್ನ್' ಎಂಬ ಪದವೇ ಇರದಿರಬಹುದು. ಪ್ರಾಜೆಕ್ಟ್ ಅಸಿಸ್ಟೆಂಟ್, ಫೀಲ್ಡ್ ಅಸಿಸ್ಟೆಂಟ್, ಪ್ರಾಜೆಕ್ಟ್ ಅಸೋಸಿಯೇಟ್, ಫೆಲೋ ಎಂಬ ಹೆಸರುಗಳಲ್ಲೂ ಹುಡುಕಬೇಕು. ಹೊಸಬರನ್ನು ತೆಗೆದುಕೊಳ್ಳುವ, ಸಂಬಳವೂ ಇರುವ ಕೆಲಸಗಳು ಇವುಗಳಲ್ಲೇ ಹೆಚ್ಚು.

ಕನ್ನಡಿಗರಿಗೆ ಈಗ ಹತ್ತಿರದಲ್ಲೇ ಒಂದು ದೊಡ್ಡ ಅವಕಾಶವಿದೆ. 2024ರಲ್ಲಿ ಕೇಂದ್ರ ಜಲಶಕ್ತಿ ಸಚಿವಾಲಯವು ಆರು ನದಿಗಳ ಜಲಾನಯನ ನಿರ್ವಹಣಾ ಅಧ್ಯಯನವನ್ನು ಹನ್ನೆರಡು ತಾಂತ್ರಿಕ ಸಂಸ್ಥೆಗಳಿಗೆ ವಹಿಸಿತು. ಕಾವೇರಿಯ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ತಿರುಚ್ಚಿಯ ಎನ್‌ಐಟಿಯದು. ಕೃಷ್ಣೆಯದು ವಾರಂಗಲ್ ಮತ್ತು ಸುರತ್ಕಲ್‌ನ ಎನ್‌ಐಟಿಗಳದು. ಇಂಥ ದೀರ್ಘಾವಧಿ ಅಧ್ಯಯನಗಳಿಗೆ ಮಾದರಿ ಸಂಗ್ರಹಿಸುವ, ದತ್ತಾಂಶ ಜೋಡಿಸುವ ತಾತ್ಕಾಲಿಕ ಸಿಬ್ಬಂದಿ ಬೇಕೇ ಬೇಕು. ಈ ಸಂಸ್ಥೆಗಳ ವೆಬ್‌ಸೈಟ್‌ನ ನೇಮಕಾತಿ ಪುಟವನ್ನು ವಾರಕ್ಕೊಮ್ಮೆ ನೋಡಬೇಕು. ಅರ್ಜಿಗೆ ಕೊಡುವ ಕಾಲಾವಕಾಶ ಎಷ್ಟೋ ಸಲ ಎರಡು ವಾರವೂ ಇರುವುದಿಲ್ಲ.

ಓದುತ್ತಿರುವಾಗಲೇ ಅನುಭವ ಬೇಕೆನ್ನುವವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಎರಡು ತಿಂಗಳ ಅವಧಿ, ವಿದ್ಯಾರ್ಥಿಗಳಿಗೆ ತಿಂಗಳಿಗೆ 12,500 ರೂಪಾಯಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇದನ್ನು ನಿರ್ವಹಿಸುತ್ತದೆ. ಬೇಸಿಗೆಯ ಫೆಲೋಶಿಪ್‌ಗೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಕರೆಯುವುದರಿಂದ, ಏಪ್ರಿಲ್‌ನಲ್ಲಿ ಹುಡುಕಲು ಕೂತವರಿಗೆ ಸಿಗುವುದಿಲ್ಲ. ಅರ್ಜಿಯಲ್ಲಿ ನದಿ, ಜಲವಿಜ್ಞಾನ, ಸಿಹಿನೀರಿನ ಜೀವಿಗಳ ಮೇಲೆ ಕೆಲಸ ಮಾಡುವ ಮಾರ್ಗದರ್ಶಕರನ್ನೇ ಹುಡುಕಿ ಸೂಚಿಸಬೇಕು.

ನಗರದ ನದಿಗಳಲ್ಲಿ ಆಸಕ್ತಿಯುಳ್ಳ ಹೊಸ ಪದವೀಧರರು 'ಟ್ಯುಲಿಪ್' ಯೋಜನೆಯನ್ನು ಗಮನಿಸಬಹುದು. 2020ರ ಜೂನ್‌ನಲ್ಲಿ ಆರಂಭವಾದ ಇದರಡಿ ನಗರ ಸ್ಥಳೀಯ ಸಂಸ್ಥೆಗಳು ಮತ್ತು ಸ್ಮಾರ್ಟ್ ಸಿಟಿಗಳು ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತವೆ. ಅರ್ಜಿ ಎಐಸಿಟಿಇ ಇಂಟರ್ನ್‌ಶಿಪ್ ಪೋರ್ಟಲ್ ಮೂಲಕ. ಸ್ಟೈಪೆಂಡ್ ಎಷ್ಟೆಂಬುದನ್ನು ಆಯಾ ಸಂಸ್ಥೆಯೇ ಗೊತ್ತುಮಾಡುವುದರಿಂದ ಪ್ರಕಟಣೆಯನ್ನು ಪೂರ್ತಿ ಓದಬೇಕು. ರಾಜಕಾಲುವೆ, ಒಳಚರಂಡಿ, ಕೊಳಚೆ ನೀರು ಸಂಸ್ಕರಣಾ ಘಟಕಗಳ ಕೆಲಸವನ್ನು ಕೀಳೆಂದು ಬಿಡಬಾರದು. ಬೆಂಗಳೂರಿನ ವೃಷಭಾವತಿಯಂಥ ನದಿಯ ಹಣೆಬರಹ ತೀರ್ಮಾನವಾಗುವುದು ಅಲ್ಲಿಯೇ. ಪತ್ರಿಕೋದ್ಯಮ ಓದಿದವರಿಗೆ ಜಲಶಕ್ತಿ ಸಚಿವಾಲಯ ಗೌರವಧನ ಸಹಿತ ಇಂಟರ್ನ್‌ಶಿಪ್ ಪ್ರಕಟಿಸಿದ್ದುಂಟು. ನದಿಯ ಗುಂಟ ನಡೆದು ದಾಖಲಿಸುವ ಕೆಲಸಕ್ಕೆ ವೇದಿತಂ ಇಂಡಿಯಾ ಫೌಂಡೇಶನ್ 'ಮೂವಿಂಗ್ ಅಪ್‌ಸ್ಟ್ರೀಮ್' ಫೆಲೋಶಿಪ್ ನಡೆಸಿದೆ. ಮಧ್ಯ ಭಾರತದ ಬೇತ್ವಾ ಹೀಗೆ ದಾಖಲಾದ ನದಿಗಳಲ್ಲೊಂದು.

ಸ್ವಯಂಸೇವಾ ಮತ್ತು ಸಂಶೋಧನಾ ಸಂಸ್ಥೆಗಳ ಪೈಕಿ ಬೆಂಗಳೂರಿನ ಏಟ್ರೀ, ವೆಲ್ ಲ್ಯಾಬ್ಸ್, ಬಯೋಮ್, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಹೊನ್ನಾವರದ ಸ್ನೇಹಕುಂಜ, ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಇವು ನೀರು, ನದಿ, ನದೀಜೀವಿಗಳ ಮೇಲೆ ಕೆಲಸ ಮಾಡಿವೆ. ಇಲ್ಲಿ ಸ್ಟೈಪೆಂಡ್ ಸಿಗುವುದು, ಸಿಗದಿರುವುದು ಆ ಹೊತ್ತಿನ ಪ್ರಾಜೆಕ್ಟ್‌ನ ಮೇಲೆ ನಿಂತಿದೆ.

ಒಂದು ಪರೀಕ್ಷೆಯಾದರೂ ಕೈಗೆ ಹತ್ತಿರಲಿ

ಆಯ್ಕೆ ಮಾಡುವವರು ಅಂಕಪಟ್ಟಿಗಿಂತ ಮುಂಚೆ ನೋಡುವುದು ಅಭ್ಯರ್ಥಿಗೆ ಕೈಯಾರೆ ಏನು ಮಾಡಲು ಬರುತ್ತದೆ ಎಂಬುದನ್ನು. ನೀರಿನಲ್ಲಿ ಕರಗಿದ ಆಮ್ಲಜನಕದ ಪರೀಕ್ಷೆಯನ್ನೇ ತೆಗೆದುಕೊಳ್ಳಬಹುದು. 300 ಮಿಲಿಲೀಟರ್‌ನ ಗಾಜಿನ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಿ ಬಿರಡೆ ಹಾಕಬೇಕು. ಗುಳ್ಳೆ ಉಳಿದರೆ ಅದರೊಳಗಿನ ಆಮ್ಲಜನಕವೂ ಲೆಕ್ಕಕ್ಕೆ ಬಂದು ಫಲಿತಾಂಶ ಕೆಡುತ್ತದೆ. ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಬೆರೆಸಿ ಬಾಟಲಿಯನ್ನು ತಿರುಗಿಸಿ ಮುರುಗಿಸಿದರೆ, ಆಮ್ಲಜನಕವಿರುವ ನೀರಿನಲ್ಲಿ ಕಂದು ಗಸಿ ಇಳಿಯುತ್ತದೆ. ಬೆಳ್ಳಗಿನ ಗಸಿ ಕಂಡರೆ ನೀರಿನಲ್ಲಿ ಆಮ್ಲಜನಕ ಇಲ್ಲವೆಂದೇ ಅರ್ಥ. ಬಳಿಕ ಆಮ್ಲ ಹಾಕಿ ಗಸಿ ಕರಗಿಸಿ, ಪಿಷ್ಟದ ದ್ರಾವಣದಿಂದ ಬಂದ ನೀಲಿ ಬಣ್ಣ ಮಾಯವಾಗುವ ತನಕ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಟ್ಟು ಅಳೆಯುತ್ತಾರೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು, ಜೈವಿಕ ಆಮ್ಲಜನಕ ಬೇಡಿಕೆ (ಬಿಒಡಿ) 3 ಮಿಲಿಗ್ರಾಂ ಮೀರಬಾರದು. ಆ 3ರ ಗೆರೆ ದಾಟಿದ ಪಾತ್ರಗಳೇ ಮಲಿನ ಪಟ್ಟಿಗೆ ಸೇರುತ್ತವೆ. ಕಾಲೇಜಿನ ಪ್ರಯೋಗಾಲಯದಲ್ಲಿ ಉಪನ್ಯಾಸಕರ ಅನುಮತಿ ಪಡೆದು ಊರ ಹೊಳೆಯ ನೀರನ್ನು ಕೆಲವು ತಿಂಗಳು ಹೀಗೆ ಪರೀಕ್ಷಿಸಿ ಬರೆದಿಟ್ಟ ವಿದ್ಯಾರ್ಥಿಯ ಅರ್ಜಿ ಉಳಿದವರದ್ದಕ್ಕಿಂತ ಮುಂದಿರುತ್ತದೆ.

ನಕ್ಷೆಯ ಕಡೆ ಹೋಗುವವರು ಕ್ಯೂಜಿಐಎಸ್ ಕಲಿಯಬೇಕು. ತಂತ್ರಾಂಶ ಉಚಿತ. ಇಂಡಿಯಾ ವಾಟರ್ ರಿಸೋರ್ಸಸ್ ಇನ್ಫರ್ಮೇಶನ್ ಸಿಸ್ಟಮ್ ಪೋರ್ಟಲ್‌ನ ದತ್ತಾಂಶ ಬಳಸಿ ತಮ್ಮ ತಾಲ್ಲೂಕಿನ ಹಳ್ಳಕೊಳ್ಳಗಳ ಒಂದು ನಕ್ಷೆ ಮಾಡಿ ಅರ್ಜಿಗೆ ಲಗತ್ತಿಸಬಹುದು. ಕನ್ನಡ, ತುಳು, ಕೊಂಕಣಿ ಬಲ್ಲವರು ಅದನ್ನು ರೆಸ್ಯೂಮೆಯ ಕೊನೆಯಲ್ಲಿ ಬಚ್ಚಿಡದೆ ಮೇಲೆಯೇ ಬರೆಯಬೇಕು. ಮೀನುಗಾರರೊಂದಿಗೆ, ಮರಳು ತೆಗೆಯುವವರೊಂದಿಗೆ ಅವರದೇ ಮಾತಿನಲ್ಲಿ ಮಾತಾಡಬಲ್ಲವರು ಸಂಶೋಧನಾ ತಂಡಗಳಿಗೆ ಸುಲಭಕ್ಕೆ ಸಿಗುವುದಿಲ್ಲ.

ಪತ್ರ, ಒಪ್ಪಂದ, ಸುರಕ್ಷತೆ

ಜಾಹೀರಾತು ಇಲ್ಲದಿದ್ದರೂ ಪ್ರಾಜೆಕ್ಟ್ ಮುಖ್ಯಸ್ಥರಿಗೆ ನೇರವಾಗಿ ಇಮೇಲ್ ಬರೆಯಬಹುದು. ಅವರ ಒಂದು ವರದಿಯನ್ನು ಓದಿ, ಅದರ ಯಾವ ಭಾಗಕ್ಕೆ ಏನು ಮಾಡಿಕೊಡಬಲ್ಲೆ, ಯಾವ ತಿಂಗಳಿಂದ ಎಷ್ಟು ದಿನ ಬಿಡುವಿದೆ ಎಂದು ಹತ್ತು ಸಾಲಿನಲ್ಲಿ ಹೇಳಿದರೆ ಸಾಕು. ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸುವುದರಲ್ಲಿ ತಪ್ಪಿಲ್ಲ. ಕಾಲೇಜಿನಿಂದ ಎನ್‌ಒಸಿ ಮತ್ತು ಶಿಫಾರಸು ಪತ್ರ ಮೊದಲೇ ಕೈಯಲ್ಲಿರಲಿ.

ಒಪ್ಪಿಗೆಯ ಮಾತು ಬಂದಾಗ ಸ್ಟೈಪೆಂಡ್ ಎಷ್ಟು, ತಿಂಗಳಿಗೋ ಕೆಲಸ ಮುಗಿದ ಮೇಲೋ, ಓಡಾಟ, ಊಟ, ವಸತಿಯ ಖರ್ಚು ಅದರೊಳಗೇ ಸೇರಿದೆಯೋ ಎಂದು ವಿಚಾರಿಸಿ ಬರಹದಲ್ಲಿ ಪಡೆಯಬೇಕು. ಹತ್ತು ಸಾವಿರದ ಸ್ಟೈಪೆಂಡ್‌ನಲ್ಲಿ ಬೆಂಗಳೂರಿನ ಪಿಜಿ ಬಾಡಿಗೆಯನ್ನೂ ಫೀಲ್ಡ್‌ಗೆ ಹೋಗುವ ಬಸ್ ಚಾರ್ಜನ್ನೂ ಕಳೆದರೆ ಉಳಿಯುವುದು ಅಲ್ಪ. ಅದಕ್ಕಿಂತ ಕಡಿಮೆ ಕೊಟ್ಟರೂ ಕ್ಷೇತ್ರ ಕೇಂದ್ರದಲ್ಲಿ ಊಟ, ವಸತಿ ಒದಗಿಸುವ ಕಡೆಯೇ ಮೇಲಾಗಬಹುದು. ಸಂಗ್ರಹಿಸಿದ ದತ್ತಾಂಶ ಪ್ರಕಟವಾದಾಗ ಇಂಟರ್ನ್‌ನ ಹೆಸರು ಬರುತ್ತದೆಯೇ ಎಂಬುದನ್ನೂ ಮೊದಲೇ ಕೇಳಬೇಕು. ಆಯ್ಕೆಗಾಗಿ 'ನೋಂದಣಿ ಶುಲ್ಕ', 'ತರಬೇತಿ ಶುಲ್ಕ' ಎಂದು ಹಣ ಕೇಳಿದರೆ ಆ ಅವಕಾಶವನ್ನು ಅಲ್ಲಿಗೇ ಬಿಡುವುದು ಕ್ಷೇಮ.

ಸುರಕ್ಷತೆಯ ಮಾತನ್ನು ಸಂಕೋಚದಿಂದ ನುಂಗಿಕೊಳ್ಳಬಾರದು. ಲೈಫ್ ಜಾಕೆಟ್, ಗಮ್‌ಬೂಟು, ಕೈಗವಸು ಕೊಡುವುದು ಸಂಸ್ಥೆಯ ಹೊಣೆ. ಕೊಳಚೆ ಬೆರೆತ ನೀರಿನಲ್ಲಿ ಗಾಯದ ಕಾಲಿಟ್ಟರೆ ಇಲಿಜ್ವರದ ಅಪಾಯವಿದೆ. ಕಾವೇರಿಯಲ್ಲೂ ದಾಂಡೇಲಿಯ ಬಳಿ ಕಾಳಿಯಲ್ಲೂ ಮೊಸಳೆಗಳಿವೆ. ಅಣೆಕಟ್ಟಿನ ಕೆಳಗೆ ನೀರು ಬಿಡುವ ಹೊತ್ತು ತಿಳಿಯದೆ ಪಾತ್ರಕ್ಕೆ ಇಳಿಯಬಾರದು. ಒಂಟಿಯಾಗಿ ಫೀಲ್ಡ್‌ಗೆ ಕಳಿಸುವ, ಅಪಘಾತ ವಿಮೆಯ ಮಾತೇ ಎತ್ತದ ಪ್ರಾಜೆಕ್ಟ್ ಎಷ್ಟೇ ದುಡ್ಡು ಕೊಟ್ಟರೂ ಬೇಡ.

ಇಂಟರ್ನ್‌ಶಿಪ್ ನಡೆಯುತ್ತಿರುವಾಗಲೇ ಮುಂದಿನ ಹಂತದ ತಯಾರಿ ಆಗಬೇಕು. ಕೇಂದ್ರ ಅನುದಾನದ ಪ್ರಾಜೆಕ್ಟ್‌ಗಳಲ್ಲಿ ಜೂನಿಯರ್ ರಿಸರ್ಚ್ ಫೆಲೋಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ನಿಗದಿಯಾಗಿದೆ. ಅದಕ್ಕೆ ಸ್ನಾತಕೋತ್ತರ ಅಥವಾ ಎಂಜಿನಿಯರಿಂಗ್ ಪದವಿಯ ಜೊತೆಗೆ ಸಾಮಾನ್ಯವಾಗಿ ನೆಟ್ ಅಥವಾ ಗೇಟ್ ಪರೀಕ್ಷೆಯ ಅರ್ಹತೆ ಕೇಳುತ್ತಾರೆ. ಗೇಟ್‌ನಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ನದೇ ಪ್ರತ್ಯೇಕ ಪತ್ರಿಕೆಯಿದೆ. ಪರೀಕ್ಷೆ ಫೆಬ್ರುವರಿಯ ಹೊತ್ತಿಗೆ ನಡೆದರೂ ಅರ್ಜಿ ಹಾಕುವ ಕಾಲ ಹಿಂದಿನ ವರ್ಷದ ಆಗಸ್ಟ್–ಸೆಪ್ಟೆಂಬರ್ ಆಸುಪಾಸಿನಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿದವರು ಮಳೆಗಾಲ ಕಳೆಯುವುದರೊಳಗೆ ಆ ಅರ್ಜಿಯನ್ನು ತುಂಬಿಬಿಡಬೇಕು.